ಇಂಚು ಒಂದೇ, ಚೈನು ಬೇರೆ!

ಮರ ಕೊಯ್ಯುವ ಮೆಷಿನ್ನಿಗೆ ಬಿಡಿಭಾಗ ಹುಡುಕಿ ಎರಡು ರಾಜ್ಯ ಅಲೆಯುವ ತಾಳವಾಡಿ ಸೀಮೆಯವರಿಗೊಂದು ಲೆಕ್ಕ

ತಾಳವಾಡಿ: ಮರ ಕೊಯ್ಯುವ ಮೆಷಿನ್ನಿನ ಚೈನು ತುಂಡಾದರೆ ಈ ಗುಡ್ಡಗಾಡಿನ ಜನಕ್ಕೆ ಎರಡು ದಾರಿ. ಉತ್ತರಕ್ಕೆ ಹೋದರೆ ಚಾಮರಾಜನಗರ, ಅಲ್ಲೂ ಸಿಗದಿದ್ದರೆ ಮೈಸೂರು. ದಕ್ಷಿಣಕ್ಕೆ ದಿಂಬಂ ಘಾಟಿಯ 27 ತಿರುವು ಇಳಿದರೆ ಬಣ್ಣಾರಿ, ಸತ್ಯಮಂಗಲ, ಈರೋಡು. ಯಾವ ದಾರಿ ಹಿಡಿದರೂ ಒಂದು ದಿನದ ಕೂಲಿ ಹೋಯಿತೆಂದೇ ಲೆಕ್ಕ. ಅಷ್ಟು ಅಲೆದು ತಂದ ಹೊಸ ಚೈನು ಬಾರಿನ ಮೇಲೆ ಕೂರದೇ ಹೋದರೆ?

ಹೀಗಾಗುವುದಕ್ಕೆ ಮುಖ್ಯ ಕಾರಣ ಒಂದೇ. 'ಹದಿನೆಂಟು ಇಂಚಿನ ಚೈನು ಕೊಡಣ್ಣ' ಎಂದು ಇಂಚು ಮಾತ್ರ ಹೇಳಿ ಕೇಳುವ ರೂಢಿ. ಇಂಚು ಹೇಳಿದರೆ ಬಾರಿನ ಉದ್ದ ಹೇಳಿದಂತಾಯಿತೇ ಹೊರತು ಚೈನಿನ ಅಳತೆ ಹೇಳಿದಂತಾಗಲಿಲ್ಲ. ಒಂದು ಕಂಪನಿಯ ಮೆಷಿನ್ನಿಗೆ ಇನ್ನೊಂದು ಕಂಪನಿಯ ಚೈನು, ಬಾರು ಹಾಕಬಹುದು, ಅದರಲ್ಲಿ ತಪ್ಪೇನಿಲ್ಲ. ಆದರೆ ಹೆಸರು ನೋಡಿ ಅಲ್ಲ, ಇಂಚು ನೋಡಿಯೂ ಅಲ್ಲ, ಅಂಕಿ ನೋಡಿ ಹಾಕಬೇಕು.

ಮೆಷಿನ್ನು ಅನಿವಾರ್ಯ

1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿದಾಗ ತಾಳವಾಡಿ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. 1979ರಲ್ಲಿ ಹೊಸ ಜಿಲ್ಲೆಯಾದಾಗ ಕೊಯಮತ್ತೂರು ಬಿಟ್ಟು ಈರೋಡಿನ ಪಾಲಾಯಿತು. 2016ರಲ್ಲಿ ಸತ್ಯಮಂಗಲ ತಾಲ್ಲೂಕಿನಿಂದ ಬೇರ್ಪಟ್ಟು ತಾನೇ ತಾಲ್ಲೂಕಾಯಿತು. ಮನೆಮಾತು ಕನ್ನಡ, ಕಚೇರಿ ಮಾತು ತಮಿಳು. ನಂಟರಿಷ್ಟರು, ಸಂತೆ, ಆಸ್ಪತ್ರೆ ಎಲ್ಲಕ್ಕೂ ಗಡಿಯ ಆಚೆ ಈಚೆ ಓಡಾಟ.

ದೊಡ್ಡಗಾಜನೂರು, ಗುಮಟಾಪುರ, ಕೊಂಗಳ್ಳಿ, ತಲಮಲೆ, ಹಾಸನೂರು ಕಡೆಯ ಜಮೀನುಗಳ ಬದುವಿನಲ್ಲಿ ಸಿಲ್ವರ್ ಓಕ್, ನೀಲಗಿರಿ, ತೆಂಗು, ಹುಣಸೆ, ಜಾಲಿ ಮರಗಳಿವೆ. ಮಳೆಗಾಳಿಗೆ ಬಿದ್ದ ಮರ ತೆಗೆಯಬೇಕು, ಒಣಗಿದ ತೆಂಗು ಇಳಿಸಬೇಕು, ಅರಿಶಿನ ಬೇಯಿಸಲು ಸೌದೆ ಸೀಳಬೇಕು. ಇಬ್ಬರು ಆಳು ದಿನವಿಡೀ ಎಳೆಗರಗಸ ಹಿಡಿದು ಮಾಡುವ ಕೆಲಸವನ್ನು ಚೈನ್ ಗರಗಸ ಗಂಟೆಯೊಳಗೆ ಮುಗಿಸುತ್ತದೆ. ಆಳು ಸಿಗದ ಕಾಲದಲ್ಲಿ ಮೆಷಿನ್ನು ಕೊಂಡು ಊರೂರು ತಿರುಗಿ ಮರ ಕೊಯ್ಯುವುದೇ ಕೆಲವರ ಜೀವನ. ಅವರಿಗೆ ಮೆಷಿನ್ನು ನಿಂತರೆ ಒಲೆ ಆರಿದಂತೆ.

ಮೆಷಿನ್ನು ಒಂದು ಊರಿನಲ್ಲಿ ಕೊಂಡದ್ದು, ಬಾರು ಇನ್ನೊಂದು ಊರಿನದು, ಚೈನು ಮತ್ತೊಂದು ಊರಿನದು ಆಗುವುದು ಇಲ್ಲಿ ಸಹಜ. ಒಂದು ಅಂಗಡಿಯಲ್ಲಿ ಸ್ಟಿಲ್ ಇದ್ದರೆ ಇನ್ನೊಂದರಲ್ಲಿ ಹಸ್ಕ್ವರ್ನಾ. ಮತ್ತೊಂದರಲ್ಲಿ ಚೀನಾದಿಂದ ಬಂದ 52 ಸಿಸಿ, 58 ಸಿಸಿ ಮೆಷಿನ್ನುಗಳ ಸಾಮಾನು. ಗೊಂದಲ ಶುರುವಾಗುವುದೇ ಇಲ್ಲಿ.

ಒಂದೇ ಹದಿನೆಂಟು ಇಂಚು, ಮೂರು ಚೈನು

ಚೈನಿನ ಕೆಳಗಡೆ ಬಾರಿನ ಕಾಲುವೆಯೊಳಗೆ ಇಳಿದು ಓಡುವ ಚೂಪು ಹಲ್ಲುಗಳಿವೆ. ಮೆಷಿನ್ನಿನ ಹಲ್ಲುಚಕ್ರ ಎಳೆಯುವುದು ಇವನ್ನೇ. ಅಂಗಡಿಯವರು ಇದಕ್ಕೆ ಡ್ರೈವ್ ಲಿಂಕ್ ಎನ್ನುತ್ತಾರೆ. ಚೈನಿನ ಉದ್ದ ನಿರ್ಧಾರವಾಗುವುದು ಇವುಗಳ ಲೆಕ್ಕದಿಂದಲೇ.

16 ಇಂಚಿನ ಬಾರಿಗೆ ಸ್ಟಿಲ್‌ನ ಸಣ್ಣ ಮೆಷಿನ್ನಿನಲ್ಲಿ 55 ಲಿಂಕ್ ಬೇಕು. ಅದೇ 16 ಇಂಚು, ಅದೇ ಜಾತಿಯ ಚೈನು, ಬೇರೆ ಕಂಪನಿಯ ಮೆಷಿನ್ನಾದರೆ ಸಾಮಾನ್ಯವಾಗಿ 56. 14 ಇಂಚಿನಲ್ಲಿ ಸ್ಟಿಲ್‌ಗೆ 50, ಇತರೆಯವಕ್ಕೆ 52. 18 ಇಂಚಿಗೆ ಬಂದರೆ ಇನ್ನೂ ಫಜೀತಿ. 0.325 ಇಂಚಿನ ಚೈನು ಹಾಕುವ ಸ್ಟಿಲ್ ಮೆಷಿನ್ನಿಗೆ 68, ಅಂಥದೇ ಹಸ್ಕ್ವರ್ನಾಗೆ 72, 3/8 ಲೋ ಪ್ರೊಫೈಲ್ ಚೈನು ಹಾಕುವ ಸಣ್ಣ ಮೆಷಿನ್ನಿಗೆ 62. ಮೂರೂ ಹದಿನೆಂಟು ಇಂಚೇ!

ಇಂಚನ್ನು ಅಳೆಯುವುದು ಮೆಷಿನ್ನಿನ ಮೈಯಿಂದ ಹೊರಗೆ ಕಾಣುವ ಬಾರಿನ ತುದಿಯವರೆಗೆ. ಮೆಷಿನ್ನಿನ ಒಳಗೆ ಹೋಗುವ ಬಾರಿನ ಬಾಲ ಎಷ್ಟುದ್ದ, ಅಲ್ಲಿಂದ ಹಲ್ಲುಚಕ್ರ ಎಷ್ಟು ದೂರ, ಚಕ್ರಕ್ಕೆ ಎಷ್ಟು ಹಲ್ಲು ಎಂಬುದು ಒಂದೊಂದು ಕಂಪನಿಯಲ್ಲಿ ಒಂದೊಂದು ಬಗೆ. ಒಂದು ಲಿಂಕ್ ಕಡಿಮೆಯಾದರೆ ಚೈನು ಬಾರನ್ನು ದಾಟದೇ ಇರಬಹುದು. ಎರಡು ಹೆಚ್ಚಾದರೆ ಟೈಟ್ ಮಾಡುವ ಸ್ಕ್ರೂ ಕೊನೆಯವರೆಗೆ ತಿರುಗಿಸಿದರೂ ಚೈನು ಜೋತುಬೀಳುತ್ತದೆ.

ಮೂರು ನೂಲಿನ ಮರ್ಮ

ಎರಡನೆಯ ಅಂಕಿ ಪಿಚ್. ಒಂದು ಹಲ್ಲಿಗೂ ಮುಂದಿನ ಹಲ್ಲಿಗೂ ಇರುವ ದೂರದ ಅರ್ಧ ಎನ್ನಬಹುದು. ಅಳೆಯುವುದು ಕಷ್ಟವಲ್ಲ. ಚೈನನ್ನು ನೇರವಾಗಿ ಹಾಸಿ, ಒಂದು ರಿವೆಟ್ಟಿನ ನಡುಮಧ್ಯದಿಂದ ಮೂರನೆಯ ರಿವೆಟ್ಟಿನ ನಡುಮಧ್ಯಕ್ಕೆ ಅಳೆದು ಅರ್ಧ ಮಾಡಬೇಕು. ಮೂರು ರಿವೆಟ್ಟಿನ ಅಳತೆ ಸುಮಾರು 16.5 ಮಿ.ಮೀ. ಬಂದರೆ ಅದು 0.325 ಇಂಚಿನ ಚೈನು; 18.6 ಬಂದರೆ 3/8 ಇಂಚು, 20.5 ಬಂದರೆ ದೊಡ್ಡ ಮೆಷಿನ್ನುಗಳ 0.404 ಇಂಚು. ಸವೆದ ಚೈನು ಹಿಗ್ಗಿರುತ್ತದೆ, ಕೂದಲೆಳೆ ಹೆಚ್ಚು ತೋರಿಸಬಹುದು.

ಬಡಗಿಗಳ ಲೆಕ್ಕದಲ್ಲಿ ಒಂದು ನೂಲೆಂದರೆ ಇಂಚಿನ ಎಂಟನೇ ಒಂದು ಭಾಗ. ಗಡಿಯ ಆಚೆಗೂ ಈಚೆಗೂ ಇದೇ ಮಾತು, ಇದೇ ಅಳತೆ. ಆ ಲೆಕ್ಕದಲ್ಲಿ 3/8 ಎಂದರೆ ಮೂರು ನೂಲು. 0.325 ಮಾತ್ರ ಯಾವ ನೂಲಿಗೂ ಸರಿಯಾಗಿ ಕೂರದು. ಎರಡೂವರೆ ನೂಲಿಗಿಂತ ತುಸು ಹೆಚ್ಚು. ಕಣ್ಣಂದಾಜಿಗೆ ಎರಡೂ ಒಂದೇ ಥರ ಕಾಣುತ್ತವೆ. 'ಅರ್ಧ ನೂಲು ಹೆಚ್ಚುಕಮ್ಮಿ ಆದ್ರ ಏನಾಯ್ತದ, ಅಡ್ಜಸ್ಟ್ ಆಯ್ತದ ಬುಡಿ' ಎನ್ನುವ ಮಾತು ಬಾಗಿಲು ಚೌಕಟ್ಟಿಗೆ ನಡೆದೀತು, ಚೈನಿಗೆ ನಡೆಯದು. 3/8 ಹಲ್ಲುಚಕ್ರದ ಮೇಲೆ 0.325 ಚೈನು ಹಾಕಿದರೆ ಲಿಂಕುಗಳು ಚಕ್ರದ ಹಲ್ಲಿನ ಸಂದಿಗೆ ಇಳಿಯದೆ ಮೇಲೆ ಹತ್ತಿ ಕುಣಿಯುತ್ತವೆ.

ಇಲ್ಲೇ ಇನ್ನೊಂದು ಮೋಸವಿದೆ. 3/8 ಎಂದು ಬರೆದ ಚೈನಿನಲ್ಲೂ ಎರಡು ಜಾತಿ. ಸಣ್ಣ ಮೆಷಿನ್ನುಗಳಿಗೆ ಬರುವುದು ತೆಳುವಾದ, ಗಿಡ್ಡ ಹಲ್ಲಿನ ಲೋ ಪ್ರೊಫೈಲ್. ಸ್ಟಿಲ್ ಕಂಪನಿ ಇದನ್ನು ಪಿಕ್ಕೊ ಎಂದು ಕರೆದು 3/8ರ ಮುಂದೆ ಇಂಗ್ಲಿಷಿನ 'ಪಿ' ಅಕ್ಷರ ಹಾಕುತ್ತದೆ. ದೊಡ್ಡ ಮೆಷಿನ್ನುಗಳದು ದಪ್ಪ 3/8. ಅಂಕಿ ಒಂದೇ ಆದರೂ ಇವೆರಡನ್ನು ಅದಲುಬದಲು ಮಾಡುವಂತಿಲ್ಲ.

ದಪ್ಪ ಎಂಬ ಮೂರನೆಯ ಅಂಕಿ

ಕೆಳಹಲ್ಲಿನ ದಪ್ಪಕ್ಕೆ ಗೇಜ್ ಎನ್ನುತ್ತಾರೆ. ಬಾರಿನ ಕಾಲುವೆಯ ಅಗಲವೂ ಇದಕ್ಕೆ ಸರಿಹೊಂದಬೇಕು. ಸಾಮಾನ್ಯವಾಗಿ ಸಿಗುವುದು ನಾಲ್ಕು ಬಗೆ: 0.043 ಇಂಚು (1.1 ಮಿ.ಮೀ.), 0.050 (1.3), 0.058 (1.5) ಮತ್ತು 0.063 (1.6). ಕೊನೆಯ ಎರಡರ ನಡುವಿನ ಅಂತರ ಮಿಲಿಮೀಟರಿನ ಎಂಟನೆಯ ಒಂದು ಭಾಗ ಮಾತ್ರ. ಬರಿಗಣ್ಣಿಗೆ ಗೊತ್ತಾಗದು. ವರ್ನಿಯರ್ ಇಟ್ಟುಕೊಂಡ ಮೆಕ್ಯಾನಿಕ್ ಹತ್ತಿರ ಅಳೆಸುವುದೇ ಸರಿ.

ದಪ್ಪ ಚೈನು ತೆಳು ಕಾಲುವೆಗೆ ಇಳಿಯುವುದೇ ಇಲ್ಲ, ಹಾಗಾಗಿ ಆ ತಪ್ಪು ತಕ್ಷಣ ತಿಳಿಯುತ್ತದೆ. ಅಪಾಯ ಇರುವುದು ತೆಳು ಚೈನನ್ನು ಅಗಲ ಕಾಲುವೆಗೆ ಹಾಕಿದಾಗ. ಸಲೀಸಾಗಿ ಕೂರುತ್ತದೆ, ಓಡುತ್ತದೆ. ಆದರೆ ಒಂದು ಕಡೆಗೆ ವಾಲಿ ಮರವನ್ನು ಸೊಟ್ಟಗೆ ಕೊಯ್ಯುತ್ತದೆ. ಕೊಯ್ಯುವವನು ಸೊಟ್ಟವನ್ನು ಸರಿಮಾಡಲು ಮೆಷಿನ್ನನ್ನು ತಿರುಚುತ್ತಾನೆ. ಬಾರು ಸಿಕ್ಕಿಕೊಳ್ಳುತ್ತದೆ, ಚೈನು ಕಾಲುವೆಯಿಂದ ಹಾರುತ್ತದೆ.

'ಎತ್ತನೈ ಪಲ್ಲು?'

ಸತ್ಯಮಂಗಲ, ಈರೋಡು ಕಡೆ ಅಂಗಡಿಯಲ್ಲಿ 'ಎತ್ತನೈ ಪಲ್ಲು?' ಎಂದು ಕೇಳಿದರೆ ತಾಳವಾಡಿಯವರಿಗೆ ಅರ್ಥವಾಗದ ಮಾತೇನಲ್ಲ. ನಮ್ಮ 'ಹಲ್ಲು' ಅವರ 'ಪಲ್ಲು'. ತೊಡಕಿರುವುದು ಭಾಷೆಯಲ್ಲಲ್ಲ, ಯಾವ ಹಲ್ಲು ಎಂಬುದರಲ್ಲಿ. ಮೇಲೆ ಮರ ಕೊಯ್ಯುವ ಹಲ್ಲೇ ಬೇರೆ, ಕೆಳಗೆ ಕಾಲುವೆಯಲ್ಲಿ ಓಡುವ ಹಲ್ಲೇ ಬೇರೆ. ಸಾಮಾನ್ಯ ಚೈನಿನಲ್ಲಿ ಎರಡು ಕೆಳಹಲ್ಲಿಗೆ ಒಂದು ಕೊಯ್ಯುವ ಹಲ್ಲು. 72 ಲಿಂಕಿನ ಚೈನಿನಲ್ಲಿ ಮೇಲೆ ಎಣಿಸಿದರೆ ಸಿಗುವುದು 36 ಮಾತ್ರ.

ಆದ್ದರಿಂದ ಕೆಳಹಲ್ಲನ್ನೇ ಎಣಿಸಬೇಕು, 'ಡ್ರೈವ್ ಲಿಂಕ್ ಇಷ್ಟು' ಎಂದೇ ಹೇಳಬೇಕು. ಎಣಿಸಲು ಶುರುಮಾಡಿದ ಹಲ್ಲಿಗೆ ಸುಣ್ಣವೋ ದಾರವೋ ಗುರುತು ಹಾಕಿಕೊಂಡರೆ ಲೆಕ್ಕ ತಪ್ಪುವುದಿಲ್ಲ. ಡಬ್ಬದ ಮೇಲೆ ಇಂಗ್ಲಿಷ್, ಬಿಲ್ಲಿನ ಮೇಲೆ ತಮಿಳು, ಬಾಯಲ್ಲಿ ಕನ್ನಡ ಇರುವ ಊರಿನಲ್ಲಿ ಲೋಹದ ಮೇಲೆ ಕೆತ್ತಿದ ಅಂಕಿಗೆ ಮಾತ್ರ ಅನುವಾದ ಬೇಕಿಲ್ಲ.

ಲೋಹದ ಮೇಲಿನ ಬರಹ

ಚೈನನ್ನು ಸೀಮೆಎಣ್ಣೆ ಅಥವಾ ಡೀಸೆಲ್ಲಿನಲ್ಲಿ ಅದ್ದಿ ಒರೆಸಿ ನೋಡಿದರೆ ಸಣ್ಣ ಅಂಕಿ ಕಾಣುತ್ತದೆ. ಸ್ಟಿಲ್ ಚೈನಿನಲ್ಲಿ ಎರಡು ಕಡೆ ಗುರುತಿದೆ. ಕೊಯ್ಯುವ ಹಲ್ಲಿನ ಮುಂದಿರುವ ಗಿಡ್ಡ ಮೊಳೆಯ ಮೇಲಿನ ಅಂಕಿ ಪಿಚ್ ಹೇಳುತ್ತದೆ: 2 ಎಂದರೆ 0.325, 3 ಎಂದರೆ 3/8, 4 ಎಂದರೆ 0.404, 6 ಎಂದರೆ 3/8 ಪಿಕ್ಕೊ. ಕೆಳಹಲ್ಲಿನ ಮೇಲಿನ ಅಂಕಿ ದಪ್ಪ ಹೇಳುತ್ತದೆ: 1 ಎಂದರೆ 1.1 ಮಿ.ಮೀ., 3 ಎಂದರೆ 1.3, 5 ಎಂದರೆ 1.5, 6 ಎಂದರೆ 1.6. ಒಂದೇ ಅಂಕಿಗೆ ಮೇಲೊಂದು ಅರ್ಥ, ಕೆಳಗೊಂದು ಅರ್ಥ.

ಅನೇಕ ಕಂಪನಿಗಳ ಮೆಷಿನ್ನಿಗೆ ಚೈನು ಮಾಡಿಕೊಡುವ ಒರೆಗಾನ್ ಕಂಪನಿಯ ಪದ್ಧತಿ ಬೇರೆ. ಕೆಳಹಲ್ಲಿನ ಮೇಲೆ ಎರಡಂಕಿ ಇರುತ್ತದೆ. 90 ಎಂದರೆ 3/8 ಲೋ ಪ್ರೊಫೈಲ್, 1.1 ಮಿ.ಮೀ.; 91 ಎಂದರೆ ಅದೇ ಜಾತಿ, 1.3 ಮಿ.ಮೀ. 20, 21, 22 ಎಂದರೆ 0.325 ಇಂಚಿನದು, ದಪ್ಪ ಕ್ರಮವಾಗಿ 1.3, 1.5, 1.6. 72, 73, 75 ಎಂದರೆ ದಪ್ಪ 3/8; ಅದೇ ಕ್ರಮದಲ್ಲಿ 1.3, 1.5, 1.6.

ಇಷ್ಟೊಂದು ಬಗೆ ಹುಟ್ಟಿದ್ದಕ್ಕೆ ಚರಿತ್ರೆಯೂ ಕಾರಣ. ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ ಕಂಪನಿ ಕಟ್ಟಿದ್ದು 1926ರಲ್ಲಿ. ಸ್ವೀಡನ್ನಿನ ಹಸ್ಕ್ವರ್ನಾ 1689ರಲ್ಲಿ ಬಂದೂಕು ಕಾರ್ಖಾನೆಯಾಗಿ ಹುಟ್ಟಿ, ಚೈನ್ ಗರಗಸಕ್ಕೆ ಬಂದದ್ದು 1959ರಲ್ಲಿ. ಈಗಿನ ಚೈನಿನ ಬಾಗಿದ ಹಲ್ಲು ಅಮೆರಿಕದ್ದು. ಒರೆಗಾನ್ ರಾಜ್ಯದಲ್ಲಿ ಮರ ಕಡಿಯುತ್ತಿದ್ದ ಜೋಸೆಫ್ ಬುಫೋರ್ಡ್ ಕಾಕ್ಸ್ 1946ರಲ್ಲಿ ಮರ ಕೊರೆಯುವ ಹುಳುವೊಂದು ಎಡಕ್ಕೂ ಬಲಕ್ಕೂ ಬಾಯಾಡಿಸುತ್ತಾ ಮುಂದೆ ಹೋಗುವುದನ್ನು ಕಂಡು ಅದೇ ರೀತಿಯ ಹಲ್ಲು ರೂಪಿಸಿದ. ಮರುವರ್ಷವೇ ಕಂಪನಿ ಆರಂಭಿಸಿದ. ಹಲ್ಲಿನ ಆಕಾರ ಎಲ್ಲ ಕಡೆ ಹಬ್ಬಿತು, ಅಳತೆಗಳು ಮಾತ್ರ ಹಲವಾಗಿಯೇ ಉಳಿದವು.

ಬಾರಿನ ಬಾಲ ನೋಡಿ

ಚೈನಿನ ಮೂರು ಅಂಕಿ ಸರಿಯಾದರೂ ಬಾರು ಮೆಷಿನ್ನಿಗೆ ಕೂರಬೇಕಲ್ಲ. ಬಾರಿನ ಬಾಲದಲ್ಲಿ ಬೋಲ್ಟಿಗೆ ಉದ್ದನೆಯ ಸಂದು, ಎಣ್ಣೆಗೆ ಒಂದು ತೂತು, ಚೈನು ಬಿಗಿ ಮಾಡುವ ಗೂಟಕ್ಕೆ ಇನ್ನೊಂದು ತೂತು ಇರುತ್ತವೆ. ಈ ಮೂರರ ಜಾಗ ಕಂಪನಿಯಿಂದ ಕಂಪನಿಗೆ ಬೇರೆ. ಒಂದೇ ಕಂಪನಿಯ ಸಣ್ಣ, ದೊಡ್ಡ ಮೆಷಿನ್ನುಗಳಿಗೂ ಬೇರೆ. ದೊಡ್ಡ ಹಸ್ಕ್ವರ್ನಾ ಬಾರಿನ ಸಂದು ಸುಮಾರು 9 ಮಿ.ಮೀ. ಇದ್ದರೆ ಸ್ಟಿಲ್‌ನ ದೊಡ್ಡ ಬಾರಿನದು ಸುಮಾರು 12.

ಒರೆಗಾನ್ ಬಾರಿನ ನಂಬರಿನಲ್ಲಿ ಇದೂ ಅಡಗಿದೆ. ಮೊದಲ ಎರಡಂಕಿ ಇಂಚು. ಮೂರನೆಯದು ಕಾಲುವೆಯ ದಪ್ಪ: 0 ಎಂದರೆ 0.050, 8 ಎಂದರೆ 0.058, 3 ಎಂದರೆ 0.063. ಕೊನೆಯ ನಾಲ್ಕು ಅಕ್ಷರ ಬಾಲದ ಗುರುತು: ಎ074 ಸ್ಟಿಲ್‌ನ ಸಣ್ಣ ಮೆಷಿನ್ನಿಗೆ, ಡಿ025 ಅದರ ದೊಡ್ಡ ಮೆಷಿನ್ನಿಗೆ, ಕೆ095 ಹಸ್ಕ್ವರ್ನಾ ಸಣ್ಣದಕ್ಕೆ, ಡಿ009 ದೊಡ್ಡದಕ್ಕೆ.

ಬಾಲ ಹೊಂದದಿದ್ದರೆ ಸಂದನ್ನು ಅರದಿಂದ ಉಜ್ಜಿ ಅಗಲ ಮಾಡುವುದು, ವಾಷರ್ ತುರುಕುವುದು, ತೂತು ಕೊರೆಯುವುದು ಉಂಟು. ಬಾರು ನಿಂತಂತೆ ಕಂಡರೂ ಎಣ್ಣೆ ತೂತು ಮುಚ್ಚಿಹೋಗಿದ್ದರೆ ಚೈನಿಗೆ ಎಣ್ಣೆ ಹೋಗದು. ಸ್ವಲ್ಪ ಹೊತ್ತಿನಲ್ಲೇ ಬಾರು ಕಾದು ಅಂಚು ನೀಲಿಗಟ್ಟುತ್ತದೆ, ಕಾಲುವೆ ಅಗಲವಾಗುತ್ತದೆ, ಚೈನು ಹಿಗ್ಗುತ್ತದೆ. ಪರೀಕ್ಷೆ ಸುಲಭ: ಮೆಷಿನ್ನು ಓಡಿಸಿ ಬಾರಿನ ತುದಿಯನ್ನು ತಾಗಿಸದೆ ಹಳೇ ಪೇಪರಿನ ಕಡೆ ಹಿಡಿದರೆ ಎಣ್ಣೆಯ ಗೆರೆ ಸಿಡಿಯಬೇಕು. ಸಿಡಿಯದಿದ್ದರೆ ಕೆಲಸ ನಿಲ್ಲಿಸಬೇಕು.

ಹಲ್ಲುಚಕ್ರದ ಮಾತು

ಪಿಚ್ ಹೊಂದಬೇಕಾದದ್ದು ಮೂರು ಕಡೆ: ಚೈನು, ಮೆಷಿನ್ನಿನ ಹಲ್ಲುಚಕ್ರ, ಬಾರಿನ ಮೂತಿಯಲ್ಲಿರುವ ಸಣ್ಣ ಚಕ್ರ. 0.325 ಬಿಟ್ಟು 3/8ಕ್ಕೆ ಹೋಗಬೇಕೆಂದರೆ ಮೂರನ್ನೂ ಒಟ್ಟಿಗೆ ಬದಲಿಸಬೇಕು. ಬರೀ ಚೈನು ಬದಲಿಸಿ ಖರ್ಚು ಉಳಿಸುವ ದಾರಿ ಇಲ್ಲ.

ಸವೆದ ಚಕ್ರವೂ ಹೊಸ ಚೈನನ್ನು ಹಾಳುಮಾಡುತ್ತದೆ. ಚಕ್ರದ ಮೇಲೆ ಅರ್ಧ ಮಿ.ಮೀ.ಗಿಂತ ಆಳವಾಗಿ ಗುಳಿ ಬಿದ್ದಿದ್ದರೆ ಬದಲಿಸಬೇಕು. ಎರಡು ಚೈನು ಸವೆಯುವಷ್ಟರಲ್ಲಿ ಒಂದು ಚಕ್ರ ಎಂಬುದು ರೂಢಿಯ ಲೆಕ್ಕ.

ಲಿಂಕ್ ಹೆಚ್ಚಾದ ಚೈನನ್ನು ಎಸೆಯಬೇಕಿಲ್ಲ. ರಿವೆಟ್ ಬಿಡಿಸುವ, ಜೋಡಿಸುವ ಉಪಕರಣ ಇರುವ ಅಂಗಡಿಯಲ್ಲಿ ಹೆಚ್ಚಿನ ಲಿಂಕ್ ತೆಗೆಸಿ ಹೊಸ ರಿವೆಟ್ಟಿನಿಂದ ಕೂಡಿಸಬಹುದು. 25 ಅಡಿ, 100 ಅಡಿ ಸುರುಳಿಯಿಂದ ಬೇಕಾದಷ್ಟು ಲಿಂಕ್ ಕತ್ತರಿಸಿ ಕೊಡುವ ಪದ್ಧತಿಯೂ ಇದೆ. ಸುತ್ತಿಗೆ, ಮೊಳೆ ಹಿಡಿದು ಮನೆಯಲ್ಲಿ ಜೋಡಿಸುವುದು ಮಾತ್ರ ಬೇಡ.

ತುಂಡಾದರೆ ಏನಾಗುತ್ತದೆ?

ನಿಮಿಷಕ್ಕೆ 9,000 ಸುತ್ತು ತಿರುಗುವ, 7 ಹಲ್ಲಿನ ಚಕ್ರದ ಮೇಲೆ 0.325 ಇಂಚಿನ ಚೈನು ಸೆಕೆಂಡಿಗೆ 17 ಮೀಟರ್ ಓಡುತ್ತದೆ. ಗಂಟೆಗೆ 60 ಕಿ.ಮೀ.ಗೂ ಮೇಲೆ! ಘಾಟಿಯಲ್ಲಿ ಯಾವ ಬಸ್ಸೂ ಹೋಗದ ವೇಗ. ಆ ವೇಗದಲ್ಲಿ ತುಂಡಾದ ಚೈನಿನ ಚೂರು ಗುಂಡಿನಂತೆ ಸಿಡಿಯಬಲ್ಲದು. ಮೆಷಿನ್ನಿನ ಕೆಳಗೆ ಚೈನು ಹಿಡಿಯುವ ಕೊಕ್ಕೆ ಇರುವುದು ಇದಕ್ಕಾಗಿಯೇ. ಅದು ಮುರಿದಿದ್ದರೆ ಮೊದಲು ಅದನ್ನು ಹಾಕಿಸಬೇಕು. ಬಾರಿನ ನೇರಕ್ಕೆ ಯಾರೂ ನಿಲ್ಲಬಾರದು. ಬಾರಿನ ಮೂತಿಯ ಮೇಲ್ಭಾಗ ಮರಕ್ಕೆ ತಾಗಿದರೆ ಮೆಷಿನ್ನು ಹಿಮ್ಮುಖವಾಗಿ ಮುಖಕ್ಕೇ ಜಿಗಿಯುತ್ತದೆ. ಹೊಂದದ ಬಾರು, ಜೋತ ಚೈನು ಇದ್ದರೆ ಹಿಡಿತ ಇನ್ನೂ ಕಷ್ಟ. ಲುಂಗಿ, ಹವಾಯಿ ಚಪ್ಪಲಿಯಲ್ಲಿ ಈ ಕೆಲಸ ಸಲ್ಲದು.

ಗುಡ್ಡದ ಊರಿನಲ್ಲಿ ಗಾಯವಾದರೆ ದೊಡ್ಡಾಸ್ಪತ್ರೆ ದೂರ. 2022ರ ಫೆಬ್ರುವರಿಯಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದಂತೆ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಜಾರಿಗೆ ಬಂತು. ಚೈನು ಉಳಿಸಿದ ಇನ್ನೂರು ಮುನ್ನೂರು ರೂಪಾಯಿ ಬೆರಳಿಗೋ ಕಣ್ಣಿಗೋ ಸಮವಲ್ಲ.

ಅರವೂ ಹೊಂದಬೇಕು

ಹೊಂದಿದ ಚೈನಿಗೂ ತಪ್ಪು ಅರ ಹಾಕಿದರೆ ಹಲ್ಲು ಕೆಡುತ್ತದೆ. 3/8 ಲೋ ಪ್ರೊಫೈಲ್‌ಗೆ 4 ಮಿ.ಮೀ. ದುಂಡು ಅರ, 0.325ಕ್ಕೆ 4.8, ದಪ್ಪ 3/8ಕ್ಕೆ ಕಂಪನಿ ನೋಡಿ 5.2 ಅಥವಾ 5.5, 0.404ಕ್ಕೆ 5.5. ಹಲ್ಲಿನ ಮುಂದಿನ ಗಿಡ್ಡ ಮೊಳೆ ಕೊಯ್ಯುವ ಅಂಚಿಗಿಂತ ಸುಮಾರು 0.65 ಮಿ.ಮೀ. ತಗ್ಗಿರಬೇಕು. ಅದನ್ನು ಹೆಚ್ಚು ಉಜ್ಜಿದರೆ ಮೆಷಿನ್ನು ಎಗರುತ್ತದೆ, ಉಜ್ಜದೇ ಬಿಟ್ಟರೆ ಹಿಟ್ಟಿನಂಥ ಪುಡಿ ಬರುತ್ತದೆ. ಪ್ರತಿ ಸಲ ಅರ ಹಾಕುವಾಗ ಬಾರನ್ನು ಮಗುಚಿ ಹಾಕಿ ಕಾಲುವೆಯ ಹೊಟ್ಟು ಕೆರೆದರೆ ಎರಡು ಅಂಚೂ ಸಮನಾಗಿ ಸವೆಯುತ್ತವೆ.

ಇನ್ನು ತಾಳವಾಡಿಯ ಸುತ್ತ ಇರುವುದು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಸತ್ಯಮಂಗಲ ಕಾಡು. ಅಲ್ಲಿನ ಮರಕ್ಕೆ ಗರಗಸ ತಾಗಿಸುವಂತಿಲ್ಲ. ಸ್ವಂತ ಪಟ್ಟಾ ಜಮೀನಿನ ಮರವಾದರೂ ಕಡಿದು ಗಡಿ ದಾಟಿಸುವ ಮುನ್ನ ಅರಣ್ಯ ಮತ್ತು ಕಂದಾಯ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ. ಎರಡು ರಾಜ್ಯಗಳ ನಿಯಮ ಒಂದೇ ಅಲ್ಲ.

ಅಂಗಡಿಗೆ ಹೊರಡುವ ಮುನ್ನ

* ಹಳೇ ಚೈನು ತುಂಡಾಗಿದ್ದರೂ ಎಸೆಯಬೇಡಿ. ಎಲ್ಲಾ ಚೂರು ಕೂಡಿಸಿ ಕೆಳಹಲ್ಲು ಎಣಿಸಿ, ಜೊತೆಗೆ ಒಯ್ಯಿರಿ.
* ಮೂರು ಅಂಕಿ ಬರೆದುಕೊಳ್ಳಿ: ಪಿಚ್, ದಪ್ಪ, ಡ್ರೈವ್ ಲಿಂಕ್. ಬಾರಿನ ಬಾಲದ ಹತ್ತಿರ ಸಾಮಾನ್ಯವಾಗಿ ಈ ಮೂರೂ ಕೆತ್ತಿರುತ್ತವೆ. ಎಣ್ಣೆ ಒರೆಸಿ ನೋಡಿ.
* ಬಾರು ಕೊಳ್ಳುವುದಾದರೆ ಹಳೇ ಬಾರನ್ನೇ ಒಯ್ಯಿರಿ. ಹೊಸದರ ಮೇಲಿಟ್ಟು ಸಂದು, ಎರಡು ತೂತು ಸರಿಹೊಂದುತ್ತವೆಯೇ ನೋಡಿ.
* ಮೆಷಿನ್ನಿನ ಕಂಪನಿ ಮತ್ತು ಮಾದರಿ ನಂಬರು ಗುರುತು ಹಾಕಿಕೊಳ್ಳಿ. ಹಲ್ಲುಚಕ್ರದ ಹಲ್ಲು ಎಷ್ಟೆಂದು ಎಣಿಸಿ.
* ಹೊಸ ಚೈನು ಹಾಕುವಾಗ ಎಂಜಿನ್ ನಿಲ್ಲಿಸಿ, ಪ್ಲಗ್ ಟೋಪಿ ಬಿಚ್ಚಿ. ಬಿಗಿ ಮಾಡಿದ ಮೇಲೆ ಚೈನು ಬಾರಿನ ಕೆಳಗೆ ಜೋತಿರಬಾರದು, ಕೈಗವಸು ಹಾಕಿ ಎಳೆದರೆ ಸಲೀಸಾಗಿ ಸುತ್ತಬೇಕು.
* ಹೊಸ ಚೈನು ಮೊದಲಿಗೆ ಹಿಗ್ಗುತ್ತದೆ. ಐದಾರು ಕೊಯ್ತ ಆದ ಮೇಲೆ ತಣ್ಣಗಾಗಲು ಬಿಟ್ಟು ಮತ್ತೆ ಬಿಗಿ ನೋಡಿ.